ನಾನೇ ಬರೆಸಿದ ಕಾಗದ

೫ ಆಗಸ್ಟ್ ೧೯೫೬, ಭಾನುವಾರ
ಶಹಾಬಜಾರ, ಕಲಬುರ್ಗಿ

ಮಗ ಫಕ್ರುದ್ದೀನ್ ಬೆಳಗಿನ ಗಾಡಿಗೆ ಶಹಾಬಾದಿನಿಂದ ಬಂದ. ಅಲ್ಲಿಯ ಕಲ್ಲಿನ ಗಣಿಯಲ್ಲಿ ಆಳುಗಳ ಹಾಜರಿ ಬರೆಯುವ ಕೆಲಸ ಅವನದು. ತಾಯಿಯ ಮುಖ ನೋಡಲು ವಾರಕ್ಕೊಮ್ಮೆ ಬರುತ್ತಾನೆ. ಇವತ್ತು ಕೈಯಲ್ಲಿ ಒಂದು ಅರ್ಜಿ ಇತ್ತು. ಹೊಸ ಕಾಯಿದೆ ಬಂದಿದೆಯಂತೆ. ಈ ದೇಶದ ನಾಗರಿಕನ ಹೆಂಡತಿ ಪಾಕಿಸ್ತಾನದ ಪಾಸ್‌ಪೋರ್ಟಿನವಳಾದರೂ ಅರ್ಜಿ ಕೊಟ್ಟು ಇಲ್ಲಿಯವಳಾಗಬಹುದಂತೆ.

ಅವನ ಹೆಂಡತಿಯ ವೀಸಾ ಅಕ್ಟೋಬರ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಇನ್ನು ಅವಧಿ ಮುಂದುವರಿಸಿ ಕೊಡುವುದಿಲ್ಲವೆಂದು ಹೋದ ವರ್ಷವೇ ಹೇಳಿದ್ದಾರೆ. ಅಷ್ಟರೊಳಗೆ ಈ ಕಾಗದ ಆಗದಿದ್ದರೆ ಅವಳನ್ನು ಗಡಿ ದಾಟಿಸುತ್ತಾರೆ.

ಕಮಲಾಪುರದಲ್ಲಿ ಹುಟ್ಟಿ, ಎರಡು ಓಣಿ ದಾಟಿ, ಆಗ ಅಲ್ಲಿಯೇ ಇದ್ದ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ಪೊಲೀಸ್ ಆ್ಯಕ್ಷನ್ ಆದ ವರ್ಷ ಫಕ್ರುದ್ದೀನನನ್ನು ಒಂಬತ್ತು ತಿಂಗಳು ಜೇಲಿನಲ್ಲಿ ಇಟ್ಟಿದ್ದರು. ಆಗ ಅವಳ ತಂದೆ ಬಂದು, ನನ್ನ ಮಾತು ಕೇಳದೆ, ಮುಂಬಯಿಯಲ್ಲಿ ಹಡಗು ಹತ್ತಿಸಿ ಮಗಳನ್ನು ಕರಾಚಿಗೆ ಕರೆದುಕೊಂಡು ಹೋದ. ನಾಲ್ಕು ವರ್ಷ ಕಳೆದು ಅಲ್ಲಿಯ ಪಾಸ್‌ಪೋರ್ಟ್ ಹಿಡಿದು ಬಂದಳು. ಅವರೇ ಬೇಸತ್ತು ಕಳಿಸಿರಬೇಕು. ಮಾತು ಕಡಿಮೆ. ಮುಚ್ಚಿದ ಕೋಣೆಯಲ್ಲಿ ಇರುವುದಿಲ್ಲ. ಹೊಸ್ತಿಲ ಮೇಲೆ ಕೂತೇ ರೊಟ್ಟಿ ತಿನ್ನುತ್ತಾಳೆ, ಪಡಸಾಲೆಯಲ್ಲಿ ಮಲಗುತ್ತಾಳೆ. ನಮ್ಮಂಥ ಮನೆತನದಲ್ಲಿ ಇದೆಲ್ಲ ನೋಡಬೇಕಾಯಿತು.

ಈ ವಹಿಯನ್ನು ಕನ್ನಡದಲ್ಲಿ ಬರೆಯುತ್ತೇನೆ. ತಂದೆಯವರು ವಿಜಾಪುರದಲ್ಲಿ ಕನ್ನಡ ಶಾಲೆಯ ಮಾಸ್ತರರು. ಹೈಸ್ಕೂಲಿನ ತನಕ ಓದಿಸಿದರು. ಈ ಮನೆಯಲ್ಲಿ ಉರ್ದು ಬಿಟ್ಟು ಬೇರೆ ಅಕ್ಷರ ಯಾರಿಗೂ ಬಾರದು. ವಹಿ ತೆರೆದಿಟ್ಟು ಹೋದರೂ ಈ ಬಷೀರುನ್ನೀಸಾಳ ಮಾತು ಮುಚ್ಚಿದಂತೆಯೇ ಇರುತ್ತದೆ.

ಮುಂಬಾಗಿಲ ಚಿಲಕ ಮೂರು ಸಲ ನೋಡಿಯೇ ನಾನು ಮಲಗುವುದು. ಮನೆಯೆಂದ ಮೇಲೆ ಒಬ್ಬರಾದರೂ ಹುಷಾರಾಗಿರಬೇಕು.

೯ ಆಗಸ್ಟ್

ಕಲೆಕ್ಟರ್ ಕಚೇರಿಗೆ ಹೋಗಿ ಬಂದೆವು. ಗುಂಡಣ್ಣ ಎಂಬ ಕಾರಕೂನ ಮೂರು ವರ್ಷದಿಂದ ನಮ್ಮ ಫೈಲು ನೋಡುವವನು, ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಅರ್ಜಿ ಓದಿ ಕನ್ನಡಕ ತೆಗೆದಿಟ್ಟ.

"ಅಮ್ಮಾರ, ಇದು ಕಠಿಣ ಅದ ನೋಡ್ರಿ. ಅರ್ಜಿ ಹಾಕಾವ್ರ ಬುದ್ಧಿ ನೆಟ್ಟಗ ಇರಬೇಕಂತ ಕಾಯಿದೆದಾಗ ಬರದದ."

ಫೈಲಿನಿಂದ ೧೯೫೩ರ ಡಾಕ್ಟರ ಕಾಗದ ತೆಗೆದು ಓದಿದ. ಬುದ್ಧಿ ಸ್ವಾಧೀನದಲ್ಲಿಲ್ಲ. ಹೆಸರು ಕೇಳಿದರೆ ಹೇಳಲಾರಳು. ತನ್ನವರ ಗುರುತಿಲ್ಲ. ಪ್ರಯಾಣ ಮಾಡಿಸಿದರೆ ಜೀವಕ್ಕೆ ಅಪಾಯ. ಕೆಳಗೆ ಡಾಕ್ಟರ ಸಹಿ, ಅದರ ಕೆಳಗೆ ಅತ್ತೆ ಎಂದು ನನ್ನ ಸಹಿ.

ಆ ಕಾಗದ ಇದ್ದುದರಿಂದಲೇ ಅವಳು ಮೂರು ವರ್ಷ ಇಲ್ಲಿ ಉಳಿದಳು. ಪ್ರಯಾಣ ಮಾಡಲಾರದ ಹುಚ್ಚಿಯನ್ನು ಸರಕಾರ ಗಡಿಗೆ ಕಳಿಸಲಿಲ್ಲ. ಈಗ ಅದೇ ಸರಕಾರ ಹುಚ್ಚಿಯನ್ನು ನಾಗರಿಕಳನ್ನಾಗಿ ಮಾಡಲು ಬಾರದು ಎನ್ನುತ್ತದೆ.

ದಾರಿಯಲ್ಲಿ ಫಕ್ರುದ್ದೀನ್, ಡಾಕ್ಟರು ಇದ್ದದ್ದು ಇದ್ದಂತೆ ಬರೆದಿದ್ದಾರೆ, ಅವರದೇನು ತಪ್ಪು ಎಂದ. ನಾನು ಟಾಂಗಾದವನಿಗೆ ನಿಧಾನವಾಗಿ ಹೊಡೆ ಎಂದು ಹೇಳಿದೆ.

೧೬ ಆಗಸ್ಟ್

ಮೊಹರಂ. ಓಣಿಯ ಕೊನೆಯಲ್ಲಿ ಬೆಳಗಿನಿಂದ ಹಲಗೆ ಬಾರಿಸುತ್ತಿದ್ದಾರೆ. ಅವಳಿಗೆ ತ್ರಾಸಾಗುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದೆ. ಅವಳು ಹೊಸ್ತಿಲ ಮೇಲೆ ಕೂತು ಮೊಣಕಾಲಿಗೆ ಬೆರಳು ಬಡಿದು ತಾಳ ಹಾಕುತ್ತಿದ್ದಳು. ತಲೆ ಸಿಡಿದದ್ದು ನನಗೇ.

ಪಕ್ಕದ ಮನೆಯ ಖುರ್ಷೀದ್ ಬೇಗಂ ಶರಬತ್ತು ತಂದವಳು, "ಆಪಾ, ನಿಮ್ಮ ಹುಚ್ಚಿ ಇವತ್ತ ತಾಳದಾಗ ಅದಾಳ ನೋಡ್ರಿ" ಎಂದು ನಕ್ಕಳು. ನನಗೆ ಸಿಟ್ಟು ಬಂತು. ಆದರೆ ಓಣಿಗೆ ಆ ಹೆಸರು ಕೊಟ್ಟವಳು ನಾನೇ. ಯಾರೂ ಹೋಗಿ ಪೊಲೀಸರಿಗೆ ಬೇರೆ ಮಾತು ಹೇಳಬಾರದೆಂದು ಕೊಟ್ಟದ್ದು.

ಬರೆಯಬೇಕಾದದ್ದು ಬರೆದುಬಿಡುತ್ತೇನೆ. ಡಾಕ್ಟರು ಮೊದಲು ಬರೆದ ಕಾಗದ ಬೇರೆ ಇತ್ತು. ಏನೋ ದೊಡ್ಡ ಹೆದರಿಕೆ ಒಳಗೆ ಕೂತಿದೆ, ಮುಚ್ಚಿದ ಜಾಗ ಆಗದು, ಬುದ್ಧಿ ಸರಿಯಿದೆ, ಜೊತೆಗೊಬ್ಬರಿದ್ದರೆ ಪ್ರಯಾಣ ಮಾಡಬಹುದು. ಅದನ್ನು ಕೊಟ್ಟಿದ್ದರೆ ಅವಳನ್ನು ಅದೇ ವಾರ ಕಳಿಸುತ್ತಿದ್ದರು. ಹರಿದು ಅವರ ಮೇಜಿನ ಮೇಲೆಯೇ ಇಟ್ಟೆ. ಗಟ್ಟಿ ಮಾತು ಬರೆಯಿರಿ ಎಂದೆ. ಡಾಕ್ಟರನ್ನು ಚಿಕ್ಕಂದಿನಲ್ಲಿ ಓದಿಸಿದವರು ನಮ್ಮ ಯಜಮಾನರೇ. ಇಲ್ಲ ಎನ್ನಲಿಲ್ಲ. ನಾನು ಹೇಳಿದೆ, ಅವರು ಬರೆದರು. ಆಮೇಲೆ ವರ್ಷವರ್ಷವೂ ಕಚೇರಿಗೆ ಹೋಗುವ ಮುಂಚೆ ಅವಳಿಗೆ ಕಲಿಸುತ್ತಿದ್ದೆ: ನೆಲ ನೋಡಬೇಕು, ಯಾರು ಏನು ಕೇಳಿದರೂ ಬಾಯಿ ತೆರೆಯಬಾರದು. ಚೆನ್ನಾಗಿಯೇ ಮಾಡುತ್ತಿದ್ದಳು.

ಫಕ್ರುದ್ದೀನನಿಗೆ ಹೇಳಲಿಲ್ಲ. ಅವನ ಮುಖದಲ್ಲಿ ಏನೂ ಅಡಗುವುದಿಲ್ಲ. ಆ ಕಾಗದ ಆದ ತಿಂಗಳೇ ಅವನು ಶಹಾಬಾದಿನ ಕೆಲಸ ಹಿಡಿದು ಹೋದ.

ಮಾಡಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅವಳು ಉಳಿದಳಲ್ಲ.

೧೮ ಆಗಸ್ಟ್

ಜಗತ್ ಚೌಕದ ಹತ್ತಿರದ ದವಾಖಾನೆಗೆ, ಅದೇ ಡಾಕ್ಟರ ಬಳಿಗೆ ಹೋದೆವು. ಹಳೆಯ ಕಾಗದ ಸುಳ್ಳೆಂದು ತಾನೇ ಬರೆದರೆ ತನ್ನ ಡಾಕ್ಟರಿಕೆಯ ಸನದು ಹೋಗುತ್ತದೆ, ಆದರೆ ಈಗ ಗುಣವಾಗಿದ್ದರೆ ಗುಣವಾಗಿದೆ ಎಂದು ಬರೆಯಲು ಅಡ್ಡಿಯಿಲ್ಲ ಎಂದರು. ಅವಳನ್ನು ಕೂರಿಸಿ ಹೆಸರೇನು ಎಂದು ಕೇಳಿದರು. ಅವಳು ನೆಲ ನೋಡಿದಳು. ಊರು ಕೇಳಿದರು. ನೆಲ. ಇವತ್ತು ಯಾವ ವಾರ ಎಂದರು. ನೆಲ. ಡಾಕ್ಟರು ಲೇಖನಿ ಕೆಳಗಿಟ್ಟರು.

ಹೊರಗೆ ಬಂದ ಮೇಲೆ ಅವಳು ನನ್ನ ಬುರ್ಖಾದ ಅಂಚು ಜಗ್ಗಿದಳು.

"ಅಮ್ಮಾಜಾನ್, ಇವತ್ತ ಮಾತಾಡೂದಿತ್ತೇನ್ರಿ? ನೀವು ಹೇಳಿರಲಿಲ್ಲಲ್ಲ."

ಅಷ್ಟೂ ತಿಳಿಯುವುದಿಲ್ಲವೇ ಎಂದು ಗದರಿದೆ.

೨೧ ಆಗಸ್ಟ್

ಬಾಗಿಲು ಬಡಿದ ಸದ್ದಾಯಿತು, ಯಾರೂ ಬಂದಿರಲಿಲ್ಲ. ಚಿಲಕ ನಾಲ್ಕು ಸಲ ನೋಡಿದೆ.

೨ ಸೆಪ್ಟೆಂಬರ್

ದಿನಾ ಬೆಳಿಗ್ಗೆ ಅಂಗಳದಲ್ಲಿ ಅವಳಿಗೆ ಪಾಠ. ನಾನು ಅಧಿಕಾರಿಯಾಗಿ ಮಣೆಯ ಮೇಲೆ ಕೂರುತ್ತೇನೆ. ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಮದುವೆಯಾದ ವರ್ಷ. ಮೊದಲ ವಾರ ಪ್ರತಿ ಉತ್ತರಕ್ಕೂ ನನ್ನ ಮುಖ ನೋಡುತ್ತಿದ್ದಳು, ಹೇಳಲೋ ಬೇಡವೋ ಎಂದು. ಈಗ ನೋಡುವುದಿಲ್ಲ.

ನಿನ್ನೆ ಅರ್ಜಿಯಲ್ಲಿ ಇಲ್ಲದ್ದನ್ನು ಕೇಳಿದೆ. ಅತ್ತೆ ಹೇಗಿದ್ದಾಳೆಂದು ಸಾಹೇಬರು ಕೇಳಿದರೆ ಏನು ಹೇಳುತ್ತೀ?

"ಕಲ್ಲು ಅಂತೇನಿ," ಎಂದಳು. ಸ್ವಲ್ಪ ತಡೆದು, "ನೆರಳಿನಾಗಿನ ಕಲ್ಲು ರೀ. ಬಿಸಲಾಗ ಬಂದಾವ್ರಿಗೆ ಕೂಡಾಕ ತಂಪು."

ಅಧಿಕಾರಿಯ ಮುಂದೆ ಇಂಥ ಹಗುರ ಮಾತು ಕೂಡದು ಎಂದೆ. ಅವಳಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಇವತ್ತು ಬಾಗಿಲ ಹತ್ತಿರ ನನಗೂ ಒಂದು ಚಾಪೆ ಹಾಸಿಟ್ಟಿದ್ದಳು. ಗಾಳಿ ಚೆನ್ನಾಗಿ ಬರುತ್ತದೆ.

೧೮ ಸೆಪ್ಟೆಂಬರ್

ಕಮಲಾಪುರಕ್ಕೆ ಹೋಗಿ ಬಂದೆವು, ನಾನು ಮತ್ತು ನನ್ನ ಸೊಸೆ ಗುಲ್ಶನ್. ಅವಳು ಹುಟ್ಟಿದ್ದು ಅಲ್ಲಿಯೇ ಎಂದೂ, ಕಾಯಿಲೆ ಯಾವಾಗ ಹೇಗೆ ಬಂತೆಂದೂ ಊರಿನವರೊಬ್ಬರ ಹೇಳಿಕೆ ಬೇಕೆಂದು ಗುಂಡಣ್ಣ ಹೇಳಿದ್ದ. ಅದಕ್ಕೆ ಕಾಶಿರಾಯರೇ ಆಗಬೇಕು. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಅವರದು. ನಮ್ಮ ಮನೆ ಇದ್ದ ಜಾಗದಲ್ಲಿ ಈಗ ಯಾರದೋ ಕೆಂಬಾಳೆ ತೋಟ.

ಕಾಶಿರಾಯರ ಹೆಂಡತಿ ಅನ್ನಮ್ಮ ಬಾಳೆಹಣ್ಣು, ಮಜ್ಜಿಗೆ ಕೊಟ್ಟರು. ಮಾತಿನ ನಡುವೆ ಗುಲ್ಶನ್ ಇಲ್ಲದ್ದು ನೋಡಿ ಹೊರಗೆ ಬಂದೆ. ಅಂಗಳದ ಮೂಲೆಯ ಹಗೇವಿನ ಪಕ್ಕ ನಿಂತಿದ್ದಳು. ಜೋಳ ತುಂಬಿಡುವ ನೆಲದೊಳಗಿನ ಗುಂಡಿ, ಒಂದಾಳು ಆಳ, ಬಾಯಿಗೆ ಕಲ್ಲಿನ ಚಪ್ಪಡಿ. ಅವಳು ಅಳುತ್ತಿರಲಿಲ್ಲ. ಬಗ್ಗಿ ಚಪ್ಪಡಿಯ ಮೇಲೆ ಅಂಗೈ ಇಟ್ಟು ನೋಡಿದಳು, ಬಿಸಿಯಿದೆಯೋ ತಣ್ಣಗಿದೆಯೋ ಎನ್ನುವಂತೆ.

ಎಂಟು ವರ್ಷ ಬರೆಯದೆ ಬಿಟ್ಟದ್ದು ಇದು.

ಪೊಲೀಸ್ ಆ್ಯಕ್ಷನ್ನಿನ ಮಿಲಿಟರಿ ಬಂದ ಮರುವಾರ. ಫಕ್ರುದ್ದೀನನನ್ನು ಆಗಲೇ ಹಿಡಿದಿದ್ದರು. ಹೊರಗಿನಿಂದ ಒಂದು ಗುಂಪು ಊರಿಗೆ ಬರುತ್ತಿದೆ ಎಂದು ಸುದ್ದಿ. ಅದಕ್ಕೆ ಮುಂಚೆ ನಿಜಾಮರ ಪಕ್ಷದ ರಜಾಕಾರರು ಕಾಶಿರಾಯರ ಬಣವೆಗೆ ಬೆಂಕಿ ಹಚ್ಚಿದ್ದರು. ರಾಯರಿಗೆ ನಮ್ಮ ಮೇಲೆ ಸಿಟ್ಟಿರಬೇಕಿತ್ತು. ಆದರೂ ಬಂದು, ಹಗೇವು ಖಾಲಿಯಿದೆ, ನಿನ್ನೆಯಿಂದಲೇ ಬಾಯಿ ತೆರೆದು ಗಾಳಿಗೆ ಬಿಟ್ಟಿದ್ದೇನೆ, ಹುಡುಗಿಯನ್ನು ಇಳಿಸಿರಿ ಎಂದರು. ಒಂದು ತಂಬಿಗೆ ನೀರು ಕೊಟ್ಟು ಇಳಿಸಿದೆವು. ಗಾಳಿಗೆ ಒಂದು ಕೈ ಅಗಲ ಸಂದು ಬಿಟ್ಟು ಚಪ್ಪಡಿ ಎಳೆದು, ಮೇಲೆ ಹೆಸರಿನ ಹೊಟ್ಟು ಹರವಿದೆವು. ನಾನು ಅನ್ನಮ್ಮನ ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು ಚಪ್ಪಡಿಯ ಮೇಲೆ ಕೂತು ಹೆಸರುಕಾಯಿ ಬಿಡಿಸತೊಡಗಿದೆ. ಗುಂಪಿನವರು ಬಂದು ನೀವು ಯಾರು ಎಂದು ಕೇಳಿದರು. ಕಾಶಿರಾಯರ ಅಕ್ಕ, ವಿಜಾಪುರದವಳು ಎಂದೆ. ತಂದೆಯವರು ಕಲಿಸಿದ ಕನ್ನಡ. ನಂಬಿ ಹೋದರು.

ಒಳಗಿನಿಂದ ತಂಬಿಗೆಯಿಂದ ಚಪ್ಪಡಿಗೆ ಬಡಿಯುತ್ತಿದ್ದಳು. ಮೂರು ಬಡಿತ, ಸ್ವಲ್ಪ ತಡೆ, ಮತ್ತೆ ಮೂರು. ನಾನು ಕೂತೇ ಇದ್ದೆ.

ಕಾಶಿರಾಯರು ಹೇಳಿಕೆ ಬರೆಸುವಾಗ ನನ್ನ ಕಡೆ ನೋಡಿದರು.

"ಬೀಬಿಯಮ್ಮಾರ, ಅವ್ರು ಊರು ದಾಟಿ ಹೋದ ಮ್ಯಾಲ ನಾ ಎರಡ್ ಸಲ ಬಂದು ಏಳ್ರಿ ಅಂದ್ನಿ. ನೀವು ಮರುದಿನ ಹೊತ್ತು ಮುಳುಗೂತನಾ ಏಳ್ಲಿಲ್ಲ. ಅದನ್ನೂ ಬರಸ್ಲೇನ್ರಿ?"

ಅದು ಬೇಡ ಎಂದೆ. ಆಯಿತೆಂದು ಸಹಿ ಹಾಕಿದರು.

೧೯ ಸೆಪ್ಟೆಂಬರ್

ನಿನ್ನೆ ಬರೆಯದೆ ಉಳಿದದ್ದು. ಬರುವಾಗ ಬಸ್ಸಿನಲ್ಲಿ, ಕರಾಚಿಯಿಂದ ನಿನ್ನನ್ನು ಅವರೇ ಕಳಿಸಿದರೇನು ಎಂದು ಗುಲ್ಶನ್‌ಳನ್ನು ಕೇಳಿದೆ. ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ.

"ಇಲ್ರಿ. ಅಬ್ಬಾ ಬ್ಯಾಡಂತಿದ್ರು. ನಾನಾ ಬಂದೀನಿ. ಅಲ್ಲಿ ಹಗೇವಿನ ಮಾತು ಹೇಳಿದ್ರ ಎಲ್ಲಾರೂ ಸುಮ್ಮ ಮಲ್ಕೋ ಅಂತಿದ್ರು. ನಿಮಗ ಹೇಳೂದಾ ಬ್ಯಾಡಲ್ಲ. ನೀವು ಮ್ಯಾಲ ಕೂತಿದ್ರಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಬಸ್ಸು ಕಪನೂರ ದಾಟುವ ತನಕ ನಾನು ರಸ್ತೆ ನೋಡುತ್ತಿದ್ದೆ.

೨೮ ಸೆಪ್ಟೆಂಬರ್

ಡಾಕ್ಟರ ಮುಂದೆ ಗುಲ್ಶನ್ ಎಲ್ಲಕ್ಕೂ ಉತ್ತರ ಕೊಟ್ಟಳು. ಅವರ ಗೋಡೆಯ ಕ್ಯಾಲೆಂಡರ್ ಎರಡು ತಿಂಗಳು ಹಿಂದೆ ಇದೆಯೆಂದೂ ತೋರಿಸಿದಳು. ಮಾತು, ತಿಳಿವಳಿಕೆ ಎರಡೂ ಸರಿಯಿವೆ ಎಂದು ಬರೆದುಕೊಟ್ಟರು. ಹೊರಡುವಾಗ ಡಾಕ್ಟರು ನನ್ನ ಕಡೆ ತಿರುಗಿ, ನೀವು ನಿದ್ದೆ ಮಾಡುತ್ತೀರೇನು ಎಂದರು. ನನ್ನ ನಿದ್ದೆಯ ಮಾತು ಇಲ್ಲಿ ಯಾಕೆ ಬಂತೋ.

ಬಾದಾಮಿ ಹಲ್ವಾ ತಂದು ಖುರ್ಷೀದ್ ಬೇಗಂಳಿಗೂ ಕಳಿಸಿದೆ. ನನ್ನ ಸೊಸೆಗೆ ಒಂದು ಹೆಸರಿದೆ, ಆ ಹೆಸರಿನಿಂದ ಕರೆಯಬೇಕು ಎಂದೂ ಹೇಳಿ ಕಳಿಸಿದೆ.

೧೦ ಅಕ್ಟೋಬರ್

ಕಲೆಕ್ಟರ್ ಸಾಹೇಬರು ಒಪ್ಪಲಿಲ್ಲ. ಗುಂಡಣ್ಣ ಮನೆಯ ತನಕ ಬಂದು ಹೇಳಿ ಹೋದ. ಹೋದ ಅಕ್ಟೋಬರಿನಲ್ಲೂ ಇವಳಿಗೆ ಏನೂ ತಿಳಿಯದು ಎಂದು ನಾನು ಸಹಿ ಮಾಡಿದ್ದೇನೆ. ಎಂಟು ವರ್ಷದ ಕಾಯಿಲೆ ಒಂದು ವರ್ಷದೊಳಗೆ ಹೇಗೆ ಹೋಯಿತು, ಹಳೆಯ ಕಾಗದ ಸುಳ್ಳೋ ಹೊಸದು ಸುಳ್ಳೋ ಎಂದು ಕೇಳುತ್ತಾರಂತೆ. ಹತ್ತೊಂಬತ್ತಕ್ಕೆ ಮೂವರೂ ಬರಬೇಕು.

"ಹೊಸಾದು ಖರೇ ಅಂದ್ರ ಹಳೇದು ಸುಳ್ಳು ಅಂಬಂಗ ಆಗ್ತದ್ರಿ ಅಮ್ಮಾರ," ಎಂದ. "ಹಳೇದರ ಕೆಳಗ ನಿಮ್ಮ ಸಹಿ ಅದ. ಯೋಚನಾ ಮಾಡ್ರಿ."

ಈ ಊರಿನಲ್ಲಿ ಬಷೀರುನ್ನೀಸಾ ಒಂದು ಮಾತು ಹೇಳಿದಳೆಂದರೆ ಸಾಕ್ಷಿ ಬೇಡ ಎನ್ನುತ್ತಾರೆ. ಯಜಮಾನರು ಹೋದ ಮೇಲೆ ನನ್ನ ಬಳಿ ಉಳಿದದ್ದು ಅದೊಂದೇ.

೧೫ ಅಕ್ಟೋಬರ್

ನಾನು ವಿಜಾಪುರದಲ್ಲಿ ಹುಟ್ಟಿದಾಗ ಇಂಗ್ರೇಜರ ಪ್ರಜೆ. ಮದುವೆಯಾಗಿ ಬಂದು ನಿಜಾಮರ ಪ್ರಜೆಯಾದೆ. ಒಂದು ಬೆಳಿಗ್ಗೆ ಹಿಂದೂಸ್ತಾನದವಳಾದೆ. ಬರುವ ತಿಂಗಳು ಹೈದರಾಬಾದ್ ರಾಜ್ಯ ಒಡೆದು ಕಲಬುರ್ಗಿ ಮೈಸೂರಿಗೆ ಸೇರುತ್ತದಂತೆ. ಒಂದಕ್ಕೂ ಅರ್ಜಿ ಕೊಟ್ಟವಳಲ್ಲ. ನನ್ನ ಬುದ್ಧಿ ನೆಟ್ಟಗಿದೆಯೇ ಎಂದು ಯಾರೂ ಕೇಳಲಿಲ್ಲ.

ಕೇಳಿದ್ದರೆ ಏನು ಹೇಳುತ್ತಿದ್ದೆ? ಹಗೇವಿನ ಆ ಬಡಿತ ಇನ್ನೂ ದಿನಾ ಕೇಳಿಸುತ್ತದೆ ಎನ್ನುತ್ತಿದ್ದೆನೇ?

೧೯ ಅಕ್ಟೋಬರ್

ಸಾಹೇಬರು ತೆಲಂಗಾಣದವರು. ಉರ್ದು ಬಲ್ಲರು, ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ನಾವು ಕೂತೊಡನೆ ಜವಾನ ಹೊರಗಿನಿಂದ ಬಾಗಿಲು ಎಳೆದುಕೊಂಡ. ಗುಲ್ಶನ್ ಬಾಗಿಲ ಕಡೆ ತಿರುಗಿ ನೋಡಿದಳು. ನಾನು ಏಳಬೇಕೆನ್ನುವುದರೊಳಗೆ ಅವಳೇ ಎದ್ದು ನಿಂತಳು.

"ಸಾಹೇಬ್ರ, ಬಾಗಿಲಾ ತೆಗಸ್ರಿ. ಮುಚ್ಚಿದ್ರ ನಂಗ ಮಾತು ಬರೂದಿಲ್ಲ. ತೆಗದ್ರ ನೀವು ಕೇಳಿದ್ದಕ್ಕೆಲ್ಲಾ ಹೇಳ್ತೀನಿ."

ತೆಗೆಸಿದರು. ಹೇಳಿದಳು. ನೀನು ಯಾವ ದೇಶದವಳು ಎಂದು ಕೇಳಿದಾಗ, ಇದೆಂಥ ಪ್ರಶ್ನೆ ಎನ್ನುವಂತೆ ನೋಡಿ, "ಕಮಲಾಪುರದಾಕಿ ರೀ" ಎಂದಳು. ಸಾಹೇಬರು ಹಾಗೆಯೇ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಹಾಗಾದರೆ ಹಳೆಯ ಕಾಗದ ಏನು ಎಂದರು.

ಬರೆದು ಕೊಡುತ್ತೇನೆ ಎಂದೆ. ಪಕ್ಕದಲ್ಲಿ ಫಕ್ರುದ್ದೀನ್ ಕೂತಿದ್ದ. ಅವನು ಓದಬಾರದೆಂದು ಕನ್ನಡದಲ್ಲಿ ಬರೆದೆ. ಇಲ್ಲಿಯ ತನಕ ಈ ಅಕ್ಷರ ನನಗೆ ಮೋಸ ಮಾಡಿರಲಿಲ್ಲ. ಸಾಹೇಬರು ಕಾಗದ ತಿರುಗಿಸಿ ನೋಡಿ ಗುಂಡಣ್ಣನ ಕೈಗೆ ಕೊಟ್ಟರು, ಜೋರಾಗಿ ಓದು ಎಂದರು.

ಅವನು ಓದಿದ. ಈ ಹುಡುಗಿಯ ಬುದ್ಧಿ ಯಾವತ್ತೂ ಕೆಟ್ಟಿರಲಿಲ್ಲ. ಹಳೆಯ ಕಾಗದದ ಪ್ರತಿ ಮಾತು ನಾನು ಹೇಳಿ ಬರೆಸಿದ್ದು. ಕಚೇರಿಯಲ್ಲಿ ಮೂಕಿಯಂತಿರು ಎಂದು ಕಲಿಸಿದವಳು ನಾನು. ಅವಳಿಗಿರುವುದು ಮುಚ್ಚಿದ ಜಾಗದ ಹೆದರಿಕೆ. ಅದನ್ನು ಕೊಟ್ಟವಳೂ ನಾನೇ. ಅಪಾಯ ದಾಟಿದ ಮೇಲೆ ಕಾಶಿರಾಯರು ಎರಡು ಸಲ ಹೇಳಿದರೂ ನಾನು ಹೆದರಿ ಚಪ್ಪಡಿಯ ಮೇಲಿಂದ ಏಳಲಿಲ್ಲ.

ಕೊನೆಯ ಸಾಲು ಬರೆ ಎಂದು ಯಾರೂ ಕೇಳಿರಲಿಲ್ಲ. ಕೈ ತಾನಾಗಿ ಬರೆಯಿತು.

ಸುಳ್ಳು ಸಹಿಗೆ ಮೊಕದ್ದಮೆಯಾಗಬಹುದು, ಗೊತ್ತೇ ಎಂದರು ಸಾಹೇಬರು. ಗೊತ್ತು, ಸಹಿ ನನ್ನದೇ ಎಂದೆ. ಫಕ್ರುದ್ದೀನ್ ನನ್ನ ಕಡೆ ನೋಡಲಿಲ್ಲ. ಕಚೇರಿಯಿಂದ ನೇರ ಸ್ಟೇಷನ್ನಿಗೆ ಹೋದ.

೨೧ ಅಕ್ಟೋಬರ್, ಭಾನುವಾರ

ಫಕ್ರುದ್ದೀನ್ ಬಂದ. ನನಗೆ ಸಲಾಂ ಹೇಳಿದ, ಅಷ್ಟೇ. ಹೊಸ್ತಿಲ ಆ ಕಡೆಗೆ ಅವಳು, ಈ ಕಡೆಗೆ ಅವನು, ಗಾಡಿಯ ಹೊತ್ತಾಗುವ ತನಕ ಮಾತಾಡಿದರು. ನಾನು ಒಳಗೆ ಅಕ್ಕಿ ಆರಿಸಿದೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ.

೩೦ ಅಕ್ಟೋಬರ್

ಗುಲ್ಶನ್ ಸಾಹೇಬರ ಮುಂದೆ ನಿಂತು ಪ್ರತಿಜ್ಞೆ ಓದಿದಳು. ಕಾಗದ ಕೊಟ್ಟರು. ನನ್ನ ಹೇಳಿಕೆ ಫೈಲಿನಲ್ಲಿ ಇರುತ್ತದೆ, ಅದರ ಮೇಲೆ ಮುಂದೆ ಏನು ಮಾಡಬೇಕೋ ಹೊಸ ರಾಜ್ಯದವರು ನೋಡಿಕೊಳ್ಳಲಿ ಎಂದು ಸಾಹೇಬರು ಹಣೆ ಒರೆಸಿಕೊಂಡರು. ಗುಂಡಣ್ಣ ಇವತ್ತೂ ನನ್ನನ್ನು ಕಂಡು ಎದ್ದು ನಿಂತ. ಮೊದಲಿಗಿಂತ ಸ್ವಲ್ಪ ತಡವಾಗಿ.

ಮನೆಗೆ ಬಂದ ಮೇಲೆ ಫಕ್ರುದ್ದೀನ್ ಮಾತಾಡಿದ.

"ಮೂರು ವರ್ಷ, ಅಮ್ಮಾ. ಮೂರು ವರ್ಷ ನಾ ಆಕಿ ಮಾರಿ ನೋಡಿ ಮಾತಾಡಿಲ್ಲ. ಆಕಿಗಿ ನನ್ನ ಗುರ್ತಿಲ್ಲಂತ ತಿಳಕೊಂಡಿದ್ನಿ."

ಶಹಾಬಾದಿನಲ್ಲಿ ಮನೆ ನೋಡಿದ್ದಾನಂತೆ. ದೊಡ್ಡ ಅಂಗಳವಿದೆಯಂತೆ. ನನ್ನನ್ನು ಬಾ ಎನ್ನಲಿಲ್ಲ. ಕರೆದಿದ್ದರೂ ನಾನು ಹೋಗುವವಳಲ್ಲ.

೧ ನವೆಂಬರ್ ೧೯೫೬, ಗುರುವಾರ

ಬೆಳಿಗ್ಗೆ ಏಳುವುದರೊಳಗೆ ರಾಜ್ಯ ಬದಲಾಗಿತ್ತು. ಜಗತ್ ಕಡೆಯಿಂದ ಬ್ಯಾಂಡಿನ ಸದ್ದು ಬರುತ್ತಿತ್ತು. ಖುರ್ಷೀದ್ ಬೇಗಂ ಬಂದು, ಗುಲ್ಶನ್ ಹೊಂಟಾಳೇನು ಎಂದು ಹೆಸರು ಹಿಡಿದೇ ಕೇಳಿದಳು.

ಮಧ್ಯಾಹ್ನದ ಗಾಡಿಗೆ ಹೊರಟರು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟೆ. ಕಾಗದ ಮಡಚದೆ ಪೆಟ್ಟಿಗೆಯ ತಳದಲ್ಲಿ ಇಡು ಎಂದೆ. ಗುಲ್ಶನ್ ನನ್ನ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಫಕ್ರುದ್ದೀನ್ ಆಗಲೇ ಟಾಂಗಾದ ಹತ್ತಿರ ಇದ್ದ.

ಅವರು ಓಣಿ ಹಿಡಿದ ಮೇಲೆ ಬಾಗಿಲು ಹಾಕಿ ಚಿಲಕ ಇಟ್ಟೆ. ಪಡಸಾಲೆಯಲ್ಲಿ ಅವಳ ಚಾಪೆ ಸುತ್ತಿ ಗೋಡೆಗೆ ಒರಗಿಸಿತ್ತು. ಅದರ ಎದುರಿಗೆ ಕೂತೆ.

ಬಡಿತ ಕೇಳಿಸಿತು. ಮೂರು, ಸ್ವಲ್ಪ ತಡೆ, ಮತ್ತೆ ಮೂರು. ಇದು ಯಾವಾಗಲೂ ಬರುವುದೇ ಎಂದು ಕೂತೇ ಇದ್ದೆ. ಮತ್ತೆ ಮೂರು. ಈ ಸಲ ಚಿಲಕದ ಕೊಂಡಿಯೂ ಅಲುಗಿತು.

ಎದ್ದೆ. ಹೋಗಿ ಚಿಲಕ ತೆಗೆದೆ.

ಗುಲ್ಶನ್ ನಿಂತಿದ್ದಳು. ಟಾಂಗಾ ಓಣಿಯ ತುದಿಯಲ್ಲಿತ್ತು. ಓಡಿ ಬಂದಿದ್ದಳೆಂದು ಕಾಣುತ್ತದೆ, ಏದುಸಿರು ಬಿಡುತ್ತಿದ್ದಳು. ಏನು ಮರೆತೆ ಎಂದು ಕೇಳಿದೆ.

"ಏನೂ ಮರ್ತಿಲ್ರಿ," ಎಂದಳು. "ತೆಗೀತೀರೋ ಇಲ್ಲೋ ನೋಡಿದ್ನಿ."

ಮತ್ತೆ ಓಡಿ ಹೋದಳು. ಗಾಡಿಯ ಹೊತ್ತಾಗಿತ್ತು.

ಬಾಗಿಲು ಹಾಕಿಲ್ಲ. ಇದನ್ನು ಹೊಸ್ತಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಗಾಳಿ ಬರುತ್ತಿದೆ.